ಬೂದಿ ಬಾಗಿಲಿನ ಗೀಟು

ಲ್ಯಾಡಿ ಸೆಡ್ಲಾಕ್ ಒಂದು ಮನೆಗೆ ಹೋದನೆಂದರೆ ಅಲ್ಲಿ ಒಂದೋ ಚಿಮಣಿ ಸ್ವಚ್ಛವಾಗುತ್ತದೆ, ಇಲ್ಲವೇ ಯಾರದಾದರೂ ಮೂಗು ಒಡೆಯುತ್ತದೆ ಎಂದು ಹಾರ್ಲನ್ ಹೈಟ್ಸಿನಲ್ಲಿ ಹೇಳುತ್ತಿದ್ದರು. ಹಾಗೆ ಹೇಳುವವರು ಸ್ವಲ್ಪ ಕಡಿಮೆಯೇ ಹೇಳುತ್ತಿದ್ದರು. ಎರಡೂ ಒಟ್ಟಿಗೆ ಆದ ದಿನಗಳು ಬೇಕಾದಷ್ಟಿವೆ. ಒಡೆದ ಮೂಗು ಹೆಚ್ಚಾಗಿ ಲ್ಯಾಡಿಯದೇ ಆಗಿರುತ್ತಿತ್ತು.

ಅರವತ್ಮೂರರ ಅವನ ಮುಖದ ಮೇಲೆ ಕಸುಬಿನ ಲೆಕ್ಕವೆಲ್ಲ ಕಾಣುತ್ತಿತ್ತು. ಮೂಗು ಎರಡು ಕಡೆ ಸೊಟ್ಟ. ಎಡಗಿವಿಯ ಅರ್ಧ ಎಲ್ಮ್ ರಸ್ತೆಯ ಒಂದು ನಾಯಿಯ ಹೊಟ್ಟೆಗೆ ಹೋಗಿತ್ತು. ನಾಯಿಯನ್ನು ಛೂ ಬಿಟ್ಟವರು ಎಪ್ಪತ್ತು ದಾಟಿದ ನಿವೃತ್ತ ಸಂಗೀತದ ಟೀಚರು. ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಕತ್ತಿನ ಬಲಗಡೆ, ಕಾಲರಿನಿಂದ ಕಿವಿಯ ಬುಡದವರೆಗೆ, ಬೆಂದು ಸುಕ್ಕುಗಟ್ಟಿದ ಚರ್ಮ. ಈ ಕೊನೆಯದನ್ನು ಮಾತ್ರ ಊರಿನವರು ಗೌರವದಿಂದ ನೋಡುತ್ತಿದ್ದರು.

ಕ್ಲೀವ್‌ಲ್ಯಾಂಡಿನ ಹೊರಗಿನ ಈ ಬಡಾವಣೆಯ ಇಟ್ಟಿಗೆ ಮನೆಗಳಿಗೆ ತೊಂಬತ್ತು, ನೂರು ವರ್ಷ. ಹೊರಗಿನಿಂದ ನೋಡಿದರೆ ಚಿಮಣಿಗಳು ನೆಟ್ಟಗೆ ನಿಂತಿರುತ್ತವೆ. ಒಳಗಿನ ಕಥೆ ಬೇರೆ. ಇಟ್ಟಿಗೆಯ ಒಳಗೆ ಸುಟ್ಟ ಮಣ್ಣಿನ ಕೊಳವೆ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ. ಅದಕ್ಕೆ ಲೈನರ್ ಎನ್ನುತ್ತಾರೆ. ಹೊಗೆಯನ್ನೂ ಬೆಂಕಿಯನ್ನೂ ಮನೆಯ ಮರದಿಂದ ದೂರ ಇಟ್ಟಿರುವುದು ಅದೊಂದೇ. ಅದು ಬಿರುಕುಬಿಟ್ಟರೆ ಅಗ್ಗಿಷ್ಟಿಕೆಯಲ್ಲಿ ಉರಿಸಿದ ಬೆಂಕಿ ಗೋಡೆಯೊಳಗೆ ನುಗ್ಗುತ್ತದೆ. ಲ್ಯಾಡಿ ಮೇಲಿನಿಂದ ಬ್ರಷ್ ಇಳಿಸಿ ಮಸಿ ಉದುರಿಸುತ್ತಿದ್ದ. ಆಮೇಲೆ ಉದ್ದ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಒಂದೊಂದು ಸಂದನ್ನೂ ನೋಡುತ್ತಿದ್ದ. ಅನುಮಾನ ಬಂದ ಕಡೆ ಉಳಿಯಿಂದ ಕೆರೆದು ನೋಡುತ್ತಿದ್ದ. ಅನುಮಾನ ಬಾರದ ಕಡೆಯೂ ಕೆರೆದು ನೋಡುತ್ತಿದ್ದ. ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು. ಸರಿಯಿಲ್ಲದಿದ್ದರೆ ಅಗ್ಗಿಷ್ಟಿಕೆಯ ಹಿಡಿಗೆ ಕೆಂಪು ಚೀಟಿ ಕಟ್ಟುತ್ತಿದ್ದ. ಅಂಥ ಚಿಮಣಿಯಲ್ಲಿ ಬೆಂಕಿ ಹಚ್ಚುವಂತಿಲ್ಲ.

ಬೇರೆಯವರಾದರೆ ಚೀಟಿ ಕಟ್ಟಿ ಮನೆಗೆ ಹೋಗುತ್ತಾರೆ. ಲ್ಯಾಡಿ ಚೀಟಿ ಕಟ್ಟಿ ಮನೆಯವರ ಮುಖ ನೋಡುತ್ತಾ ನಿಲ್ಲುತ್ತಿದ್ದ.

ಹೋದ ವರ್ಷ ಕರ್ಟಿಸ್ ವಾನ್ಸ್ ಎಂಬ ಹಲ್ಲಿನ ಡಾಕ್ಟರ ಮನೆಯಲ್ಲಿ ಆದದ್ದೂ ಹೀಗೆಯೇ. ಲೈನರ್ ಮೂರು ಕಡೆ ಸೀಳಿತ್ತು. ವಾನ್ಸ್ ಚೀಟಿ ಓದಿ, ತಲೆಯಾಡಿಸಿ, ನಕ್ಕ.

"ಸರಿ ಬಿಡಪ್ಪಾ. ವಸಂತದಲ್ಲಿ ರಿಪೇರಿ ಮಾಡಿಸ್ತೀನಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಮ್ಮ ಮಾವ ಬರ್ತಿದ್ದಾರೆ, ಅವತ್ತೊಂದು ದಿನ ಮಾತ್ರ ಸಣ್ಣಗೆ ಹಚ್ತೀನಿ."

"ಹಚ್ಚಲ್ಲ," ಎಂದ ಲ್ಯಾಡಿ.

"ಏನಂದೆ?"

"ನೀವು ಹಚ್ಚಲ್ಲ ಅಂದೆ ಸಾರ್."

ಹಾಗೆನ್ನುತ್ತಲೇ ಅವನು ಅಗ್ಗಿಷ್ಟಿಕೆಯೊಳಗೆ ಅರ್ಧ ಮೈ ತೂರಿಸಿ, ಹೊಗೆಬಾಯಿಯ ಎರಕದ ಮುಚ್ಚಳಕ್ಕೆ ನಾಲ್ಕು ಪೌಂಡಿನ ಸುತ್ತಿಗೆಯಿಂದ ಬಾರಿಸತೊಡಗಿದ. ಮೂರನೇ ಏಟಿಗೆ ತಿರುಗಣೆ ಮುರಿಯಿತು. ಮುಚ್ಚಳವನ್ನು ಅಡ್ಡಡ್ಡ ಸಿಕ್ಕಿಸಿ, ಇನ್ನು ಯಾರಪ್ಪ ಬಂದರೂ ತೆರೆಯದ ಹಾಗೆ ಇನ್ನೆರಡು ಬಿಗಿದ. ವಾನ್ಸ್ ಮೊದಲು ಕಿರುಚಿದ, ಆಮೇಲೆ ಕಾಲು ಹಿಡಿದು ಎಳೆದ, ಕೊನೆಗೆ ಓಕ್ ಸೌದೆಯ ತುಂಡೊಂದನ್ನು ಎತ್ತಿ ಸೊಂಟಕ್ಕೆ ಹೊಡೆದ. ಲ್ಯಾಡಿ ಹೊರಗೆ ಬಂದು, ಮಸಿ ಮೆತ್ತಿದ ಕೈಯಿಂದ ಡಾಕ್ಟರ ಕೆನ್ನೆಗೆ ಒಂದು ಬಿಟ್ಟ. ಇಬ್ಬರೂ ಬಿಳಿ ಜಮಖಾನದ ಮೇಲೆ ಉರುಳಾಡಿದರು. ಬಿಡಿಸಿದ್ದು ಇರ್ಮಾ.

ಇರ್ಮಾ ಲ್ಯಾಡಿಯ ಹೆಂಡತಿ. ವ್ಯಾನ್ ಓಡಿಸುವುದು, ಕ್ಯಾಮೆರಾ ಪರದೆ ನೋಡುವುದು, ಗಂಡನ ತಲೆಯಿಂದ ರಕ್ತ ಒರೆಸುವುದು, ಮೂರೂ ಅವಳ ಕೆಲಸ. ವಾಪಸು ಬರುವಾಗ ಅವಳು ಸುಮ್ಮನಿರುವವರ ಪೈಕಿಯಲ್ಲ.

"ಹಲ್ಲಿನ ಡಾಕ್ಟರ್ ಹತ್ರ ಹೊಡೆದಾಟಾನಾ? ಮುಂದಿನ ಹಲ್ಲು ಕಟ್ಟೋಕೆ ಇನ್ಯಾರ ಹತ್ರ ಹೋಗ್ತೀಯೋ? ಒಂದಿನ ನಿನ್ನ ಹೆಣಾನೇ ಆ ಬ್ರಷ್ ಜೊತೆ ವ್ಯಾನಲ್ಲಿ ಹಾಕ್ಕೊಂಡು ಬರ್ಬೇಕಾಗುತ್ತೆ ನಾನು."

"ಅವನು ಹಚ್ತಿದ್ದ ಕಣೆ."

"ಹಚ್ಲಿ! ಹೇಳಿದ್ದು ಹೇಳಾಯ್ತು. ಎಲ್ರೂ ಡೆಸ್ ಕೀಗನ್ ಆಗಿರಲ್ಲ."

ಆ ಹೆಸರು ಬಂದರೆ ಲ್ಯಾಡಿ ಬಾಯಿ ಮುಚ್ಚುತ್ತಿದ್ದ. ಇರ್ಮಾ ಅದನ್ನು ಹಳೆಯ ನೋವು ಎಂದುಕೊಂಡಿದ್ದಳು. ಊರಿಗೆ ಊರೇ ಹಾಗೆಂದುಕೊಂಡಿತ್ತು. ತೊಂಬತ್ನಾಲ್ಕರಲ್ಲಿ ಒಬ್ಬ ಕೆಂಪು ಚೀಟಿ ಕಿತ್ತೆಸೆದು ಬೆಂಕಿ ಹಚ್ಚಿದಾಗ, ದಾರಿಯಲ್ಲಿ ಹೋಗುತ್ತಿದ್ದ ಲ್ಯಾಡಿ ಆ ಹೊಗೆ ಕಂಡು, ಬಾಗಿಲು ಒದ್ದು ಒಳನುಗ್ಗಿ, ಅತಿಥಿಗಳ ಎದುರೇ ಅವನ ದವಡೆ ಮುರಿದ. ತೊಂಬತ್ತು ದಿನ ಜೈಲಾಯಿತು. ಹೊರಗೆ ಬಂದ ಶುಕ್ರವಾರ ಚರ್ಚಿನ ಮೀನೂಟಕ್ಕೆ ಹೋದರೆ ಅಗ್ನಿಶಾಮಕ ದಳದವರೆಲ್ಲ ಎದ್ದು ನಿಂತು ಮೊದಲ ತಟ್ಟೆ ಅವನಿಗೆ ಕೊಟ್ಟರು. ಹೇಳಿದ ಮಾತನ್ನು ಡೆಸ್ ಕೀಗನ್ ಕೇಳಲಿಲ್ಲ, ಆ ಮನೆಯಲ್ಲಿ ಇಬ್ಬರು ಸುಟ್ಟು ಸತ್ತರು, ಅಂದಿನಿಂದ ಈ ಮನುಷ್ಯನಿಗೆ ತಡೆದುಕೊಳ್ಳಲಾಗುವುದಿಲ್ಲ, ಎಂದು ಊರು ಅವನ ಹುಚ್ಚಿಗೆ ಕಾರಣ ಹುಡುಕಿಕೊಂಡಿತ್ತು.

ಕಾರಣ ಅದಲ್ಲ. ಹೇಳಿದ ಮಾತನ್ನು ಡೆಸ್ ಕೀಗನ್ ಕೇಳಿದ್ದ. ಅದಕ್ಕೇ ಸತ್ತ.

ಅದು ಎಂಬತ್ತೇಳರ ಅಕ್ಟೋಬರ್. ಲ್ಯಾಡಿಗೆ ಆಗ ಇಪ್ಪತ್ತಾರು. ಕಸುಬು ಕಲಿಸಿದ್ದು ಅವನ ಅಪ್ಪ ಸ್ಟೆಫಾನ್. ಕಲಿಸುವ ವಿಧಾನ ಒಂದೇ: ತಪ್ಪಿದರೆ ಬ್ರಷ್ಷಿನ ಕೋಲಿನಿಂದ ಬೆನ್ನಿಗೆ. ಆ ಕೋಲಿನ ಜೊತೆಗೆ ಸ್ಟೆಫಾನ್ ಒಂದು ಪದ್ಧತಿಯನ್ನೂ ಕಲಿಸಿದ. ಪ್ರತಿ ಚಿಮಣಿಯ ಬುಡದಲ್ಲಿ, ನೆಲಮಾಳಿಗೆಯಲ್ಲಿ, ಬೂದಿ ತೆಗೆಯಲು ಒಂದು ಗೇಣಗಲದ ಎರಕದ ಬಾಗಿಲಿರುತ್ತದೆ. ಕೆಲಸ ಮುಗಿಸಿದವನು ಆ ಬಾಗಿಲಿನ ಒಳಮೈ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ವರ್ಷವನ್ನೂ ಉಳಿಯಿಂದ ಗೀರಬೇಕು. ಅದರ ಕೆಳಗೆ ಒಂದು ಅಡ್ಡಗೀಟು ಎಳೆದರೆ ಚಿಮಣಿ ಸರಿಯಾಗಿದೆ, ಬೆಂಕಿ ಹಚ್ಚಬಹುದು ಎಂದರ್ಥ. ಕತ್ತರಿ ಗುರುತು ಹಾಕಿದರೆ ಹಚ್ಚಬಾರದು. ಮನೆಯವರಿಗೆ ಇದನ್ನು ಹೇಳುವುದಿಲ್ಲ. ಹೇಳಿದರೆ ಮನೆ ಮಾರುವಾಗ ಅವರೇ ಮೊಳೆ ತೆಗೆದುಕೊಂಡು ಗೀಟು ಎಳೆದಾರು. ಮುಂದೆ ಬರುವ ಚಿಮಣಿಯವನು ಬಾಗಿಲು ತೆಗೆದಾಗ ಓದಿಕೊಳ್ಳಬೇಕು, ಅಷ್ಟೇ.

"ಚೀಟಿ ಹರಿದು ಹೋಗುತ್ತೆ," ಎನ್ನುತ್ತಿದ್ದ ಸ್ಟೆಫಾನ್, ಕೋಲನ್ನು ಮಗನ ಎದೆಗೆ ಒತ್ತಿ. "ಇದು ಹೋಗಲ್ಲ. ಕೆರೆದು ನೋಡದೇ ಗೀಟು ಎಳೆದ್ಯೋ, ನಿನ್ನ ಕೈ ಮುರಿತೀನಿ."

ಅಪ್ಪ ಮುರಿಯುವ ಮೊದಲು ಕೈಯನ್ನು ಲ್ಯಾಡಿಯೇ ಮುರಿದುಕೊಂಡ. ಕೀಗನ್ ಮನೆಯ ಕೆಲಸದ ಹಿಂದಿನ ಸಂಜೆ ಬೌಲಿಂಗ್ ಆಟದ ಬಾರಿನಲ್ಲಿ ಇರ್ಮಾಳ ಅಣ್ಣ ರೂಡಿ, "ಇನ್ನೂ ಅಪ್ಪನ ಹತ್ರ ಹೊಡಿಸ್ಕೊಳ್ತೀಯಂತೆ? ಚಡ್ಡಿ ಬಿಚ್ಚಿಸಿ ಹೊಡಿತಾನಾ, ಹಾಕ್ಕೊಂಡೇನಾ?" ಎಂದ. ಲ್ಯಾಡಿ ಅವನ ಮುಖಕ್ಕೆ ಗುದ್ದಿದ. ರೂಡಿ ಬಗ್ಗಿದ, ಗುದ್ದು ಕಂಬಕ್ಕೆ ಬಿತ್ತು. ಬಲಗೈಯ ಎರಡು ಬೆರಳ ಗೆಣ್ಣು ಪುಡಿಯಾಯಿತು. ಆದರೂ ಎಡಗೈಯಲ್ಲಿ ರೂಡಿಯ ಕೂದಲು ಹಿಡಿದು, ಅವನ ಹಣೆಯನ್ನು ಮೇಜಿಗೆ ನಾಲ್ಕು ಸಲ ಬಡಿದ ಮೇಲೇ ಮನೆಗೆ ಹೋದ.

ಮಾರನೇ ದಿನ ಬೆರಳು ಊದಿ ಮಡಚಲು ಬರುತ್ತಿರಲಿಲ್ಲ. ಅಪ್ಪನಿಗೆ ಹೇಳುವಂತಿರಲಿಲ್ಲ. ಆ ವಾರ ಕೀಗನ್ ಮನೆಯ ಬೀದಿಯಲ್ಲೇ ಆರು ಮನೆಗಳನ್ನು ಮುಗಿಸಿದ್ದ. ಆರಕ್ಕೂ ಒಬ್ಬನೇ ಮೇಸ್ತ್ರಿ ಉಪ್ಪು ಹಾಕಿ ಸುಟ್ಟ ಕೊಳವೆ ಕೂರಿಸಿದ್ದ. ಅಂಥದ್ದು ಕಪ್ಪು ಕಂದು ಬಣ್ಣಕ್ಕೆ ಗಾಜಿನಂತೆ ಹೊಳೆಯುತ್ತದೆ. ಏಳನೆಯದು ಕೀಗನ್ ಮನೆ. ಆ ದಿನ ಮನೆಯಲ್ಲಿದ್ದದ್ದು ಡೆಸ್ ಕೀಗನ್ ಒಬ್ಬನೇ. ಕನ್ನಡಿ ಹಿಡಿದು ನೋಡಿದರೆ ಅದೇ ಹೊಳಪು. ಬ್ರಷ್ ಸರಾಗವಾಗಿ ಜಾರಿತು, ಉದುರಿದ್ದು ಅರ್ಧ ಬಕೆಟ್ ಮಸಿ ಮಾತ್ರ. ಅದೇ ತರಹದ ಕೊಳವೆ, ಶುದ್ಧವಾಗಿದೆ ಎಂದುಕೊಂಡ.

ಕಸುಬು ತಿಳಿಯದ ಯಾರೇ ನೋಡಿದ್ದರೂ "ಅಯ್ಯೋ, ಕಪ್ಪಗಿದೆಯಲ್ಲ" ಎನ್ನುತ್ತಿದ್ದರು. ಅದು ಸರಿಯಾದ ಉತ್ತರವೇ ಆಗಿತ್ತು. ಹೊಳೆಯುತ್ತಿದ್ದದ್ದು ಕೊಳವೆಯಲ್ಲ, ಮೂರು ಚಳಿಗಾಲ ಹಸಿ ಸೌದೆ ಉರಿಸಿದ್ದರಿಂದ ಕಟ್ಟಿಕೊಂಡ ಹೊಗೆಯ ಜಿಡ್ಡು. ಅದು ಬೆಂದು ಬೆಂದು ಗಾಜಾಗಿ, ಎರಡು ಬೆರಳು ದಪ್ಪಕ್ಕೆ ಒಳಗೆಲ್ಲ ಹಿಡಿದಿತ್ತು. ಬ್ರಷ್ಷಿಗೆ ಅದು ಬಗ್ಗುವುದಿಲ್ಲ. ಉಳಿಯಿಂದ ಒಂದು ಸಲ ಕೆರೆದಿದ್ದರೆ ಗೊತ್ತಾಗುತ್ತಿತ್ತು. ಲ್ಯಾಡಿಯ ಬೆರಳುಗಳು ಆ ಸಣ್ಣ ಉಳಿಯನ್ನು ಬಿಗಿಯಾಗಿ ಹಿಡಿಯಲು ಒಪ್ಪಲಿಲ್ಲ. ನೆಲಮಾಳಿಗೆಗೆ ಇಳಿದು, ಎಡಗೈಯಲ್ಲಿ ವಕ್ರವಕ್ರವಾಗಿ ತನ್ನ ಅಕ್ಷರಗಳನ್ನೂ ವರ್ಷವನ್ನೂ ಗೀರಿ, ಕೆಳಗೆ ಗೀಟು ಎಳೆದ. ವ್ಯಾನ್ ಹತ್ತುವಾಗ ಡೆಸ್ ಕೀಗನ್ ಕಿಟಕಿಯ ಹತ್ತಿರ ಬಂದು ಏನೋ ಕೇಳಿದ. ಲ್ಯಾಡಿ ಉತ್ತರ ಕೊಟ್ಟು ಗಾಡಿ ಬಿಟ್ಟ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಕೀಗನ್‌ನ ಐದು ವರ್ಷದ ಮಗ ಓವನ್ ಜ್ವರದಿಂದ ನಡುಗುತ್ತಾ ಮಹಡಿಯ ಕೋಣೆಯಲ್ಲಿ ಮಲಗಿದ್ದ. ಚಿಮಣಿ ಹಾದುಹೋಗುವ ಗೋಡೆಯ ಪಕ್ಕದಲ್ಲೇ ಅವನ ಮಂಚ. ಮಗುವಿಗೆ ಬೆಚ್ಚಗಾಗಲಿ ಎಂದು ಡೆಸ್ ಕೆಳಗೆ ದೊಡ್ಡ ಬೆಂಕಿ ಹಾಕಿದ. ಮೂರು ಗಂಟೆಗೆ ಜಿಡ್ಡು ಹೊತ್ತಿಕೊಂಡಿತು. ರೈಲು ಬಂದಂಥ ಆ ಮೊರೆತ ಮೂರು ಬೀದಿಯಾಚೆಗೂ ಕೇಳಿತು. ಚಿಮಣಿಯ ತಲೆಯಿಂದ ಬೆಂಕಿ ಆಳೆತ್ತರ ನುಗ್ಗಿತು. ಒಳಗೆ ಕೊಳವೆಗಳು ಒಂದೊಂದಾಗಿ ಸಿಡಿದವು. ಬಿರುಕಿನಿಂದ ಬೆಂಕಿ ಓವನ್‌ನ ಗೋಡೆಗೆ ಹಾಯಿತು. ಡೆಸ್ ಮೇಲಕ್ಕೆ ಓಡಿದ. ದಿನಸಿ ಚೀಲ ಹಿಡಿದು ಆಗಷ್ಟೇ ಬಂದ ಹೆಂಡತಿ ಪೆಗ್ ಮತ್ತು ಒಂಬತ್ತು ವರ್ಷದ ಮಗಳು ನೋರೀನ್ ಹಿಮದಲ್ಲಿ ನಿಂತು ನೋಡಿದರು. ಮಹಡಿಯ ಕಿಟಕಿ ಹಿಮಗಟ್ಟಿ ತೆರೆಯುತ್ತಿರಲಿಲ್ಲ. ಡೆಸ್ ಒಂದು ತೋಳಿನಲ್ಲಿ ಮಗುವನ್ನು ಅವುಚಿಕೊಂಡು, ಇನ್ನೊಂದು ಮುಷ್ಟಿಯಿಂದ ಗಾಜಿಗೆ ಗುದ್ದುತ್ತಿದ್ದ. ಹೊರಗಿನ ಗಾಜು ಒಡೆಯಿತು, ಕೈ ಹೊರಗೆ ಬಂತು, ರಕ್ತ ಗೋಡೆಯ ಮೇಲೆ ಇಳಿಯಿತು. ಆಗ ಅವರ ಕಾಲಡಿಯ ನೆಲ ಕುಸಿಯಿತು.

ಸೈರನ್ ಕೇಳಿ ಲ್ಯಾಡಿಯೂ ಓಡಿ ಬಂದಿದ್ದ. ಉರಿಯುವ ಬಾಗಿಲಿಗೆ ನುಗ್ಗಿದವನನ್ನು ಮೂವರು ಸೇರಿ ಎಳೆದರು. ಮೂವರಿಗೂ ಹೊಡೆದ, ಒಬ್ಬನ ಕೈ ಕಚ್ಚಿದ. ಕತ್ತು ಬೆಂದದ್ದು ಆಗಲೇ. ಅವನನ್ನು ಹಿಮದ ಮೇಲೆ ಕೂರಿಸಿದ್ದಾಗ ದಳದ ಮುಖ್ಯಸ್ಥ ಬಗ್ಗಿ ಕೇಳಿದ: "ಈ ಚಿಮಣಿ ನೋಡಿದ್ದು ನೀನೇ ಅಲ್ವೇನೋ?"

ಲ್ಯಾಡಿ ಸುಳ್ಳು ಹೇಳಬೇಕೆಂದು ಯೋಚಿಸಿರಲಿಲ್ಲ. ಅದು ಯೋಚನೆಗಿಂತ ಮೊದಲೇ ಬಾಯಿಂದ ಬಂತು.

"ಕೆಂಪು ಚೀಟಿ ಕಟ್ಟಿದ್ದೆ. ಕಿತ್ತು ಹಾಕಿರ್ಬೇಕು."

ಅಷ್ಟೇ ಸಾಕಾಯಿತು. ಊರಿಗೆ ಬೈಯಲು ಒಬ್ಬ ಬೇಕಿತ್ತು, ಸತ್ತವನು ವಾದಕ್ಕೆ ಬರುವುದಿಲ್ಲವಲ್ಲ. ಪೆಗ್‌ಳ ತವರಿನವರು ಮಗುವನ್ನು ತಮ್ಮ ಕುಟುಂಬದ ಜಾಗದಲ್ಲಿ ಹೂಳಿ, ಡೆಸ್‌ನನ್ನು ಸ್ಮಶಾನದ ಇನ್ನೊಂದು ಮೂಲೆಯಲ್ಲಿ ಒಬ್ಬನನ್ನೇ ಮಲಗಿಸಿದರು. ಮಗನನ್ನು ಕೊಂದವನು ಮಗನ ಪಕ್ಕದಲ್ಲಿ ಇರಬಾರದು ಎಂದು ಪೆಗ್‌ಳ ಅಣ್ಣ ಪಾದ್ರಿಯ ಎದುರೇ ಕೂಗಾಡಿದ. ಡೆಸ್‌ನ ತಮ್ಮ ಅಡ್ಡ ಬಂದಾಗ ಶವಪೆಟ್ಟಿಗೆಯ ಪಕ್ಕದಲ್ಲೇ ಅವನ ಹೊಟ್ಟೆಗೆ ಒದ್ದರು. ಪೆಗ್ ಮಗಳನ್ನು ಕರೆದುಕೊಂಡು ಟೊಲಿಡೊಗೆ ಹೊರಟುಹೋದಳು.

ಸ್ಟೆಫಾನ್ ಮಾತ್ರ ಮಗನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದ: "ಬಾಗಿಲ ಮೇಲೆ ಏನು ಹಾಕಿದ್ದೆ?"

"ಕತ್ತರಿ."

ಮುದುಕ ಮಗನ ಸೊಟ್ಟಗೆ ಕೂಡಿಕೊಂಡ ಬೆರಳುಗಳನ್ನು ನೋಡಿದ. ಆಮೇಲೆ ಕೆನ್ನೆಗೆ ಒಂದು ಹೊಡೆದ. ಅದೇ ಕೊನೆಯ ಏಟು. ಮತ್ತೆ ಅವನು ಏಣಿ ಹತ್ತಲಿಲ್ಲ, ಸಾಯುವವರೆಗೆ ಮಗನ ಜೊತೆ ಚಿಮಣಿಯ ವಿಷಯ ಎತ್ತಲೂ ಇಲ್ಲ.

ಲ್ಯಾಡಿ ಆ ಬಾಗಿಲನ್ನು ಹುಡುಕಿದ. ನೆಲಮಾಳಿಗೆಯ ತುಂಬ ಪೈಪಿನ ನೀರು ನಿಂತು ಮಂಜುಗಡ್ಡೆಯಾಗಿತ್ತು. ಮಾರ್ಚಿನಲ್ಲಿ ಅದು ಕರಗಿದಾಗ ಕೈ ಹಾಕಿ ತಡಕಿದ. ಗೂಡಿನಲ್ಲಿ ಬಾಗಿಲಿರಲಿಲ್ಲ. ಮೂವತ್ತೇಳು ವರ್ಷ, ಯಾವ ಗುಜರಿ ಅಂಗಡಿಗೆ ಹೋದರೂ ಅವನ ಕಣ್ಣು ಎರಕದ ರಾಶಿಯ ಕಡೆ ಹೋಗುತ್ತಿತ್ತು. ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಹೇಳಬೇಕಾಗಿದ್ದದ್ದು ಒಂದು ವಾಕ್ಯ. ಅದನ್ನು ಹೇಳಲಾರದೆ ಅವನು ಮುಚ್ಚಳಗಳನ್ನು ಒಡೆದ, ದವಡೆ ಮುರಿದ, ತನ್ನದನ್ನೂ ಮುರಿಸಿಕೊಂಡ. ಇಂಥವನನ್ನು ಶೂರ ಎಂದ ಊರಿಗೆ ಏನು ಹೇಳುವುದು!

ಈ ವರ್ಷ ಅಕ್ಟೋಬರಿನಲ್ಲಿ ಓಕ್‌ಡೇಲ್ ಬೀದಿಯಿಂದ ಫೋನು ಬಂತು. ಬಾಷ್ ಎಂಬ ಹೆಂಗಸು ಹಳೆಯ ಇಟ್ಟಿಗೆ ಮನೆ ಕೊಂಡಿದ್ದಳು, ಚಿಮಣಿ ನೋಡಬೇಕು. ಲ್ಯಾಡಿ, ಇರ್ಮಾ ಬೆಳಿಗ್ಗೆ ಒಂಬತ್ತಕ್ಕೇ ಹೋದರು. ನಲವತ್ತಾರರ ಆಸುಪಾಸಿನ, ತೋಳು ಮಡಚಿದ ಗಟ್ಟಿ ಹೆಂಗಸು ಬಾಗಿಲು ತೆರೆದು, ಲ್ಯಾಡಿಯ ಬೆಂದ ಕತ್ತನ್ನು ಬಹಳ ಹೊತ್ತು ನೋಡಿದಳು. ಅವನಿಗೆ ಅದು ಅಭ್ಯಾಸವಾಗಿತ್ತು.

ಬ್ರಷ್ ಇಳಿಸಿದ್ದಾಯಿತು, ಕ್ಯಾಮೆರಾ ಏರಿಸಿದ್ದಾಯಿತು. ಮೇಲಿನಿಂದ ಮೂರನೇ ಸಂದಿನಲ್ಲಿ ಲೈನರ್ ಉದ್ದಕ್ಕೆ ಸೀಳಿತ್ತು, ಹಿಂದಿನ ಇಟ್ಟಿಗೆ ಕಾಣುತ್ತಿತ್ತು. ಇರ್ಮಾ ಸಾಮಾನು ಹೊತ್ತುಕೊಂಡು ವ್ಯಾನಿನ ಕಡೆ ಹೊರಟಳು.

"ಇಲ್ಲಿ ಮಾತ್ರ ಸುತ್ತಿಗೆ ತೆಗೀಬೇಡ, ನಿನ್ ದಮ್ಮಯ್ಯ," ಎಂದು ಪಿಸುಗುಟ್ಟಿದಳು. "ಆ ತೋಳು ನೋಡಿದ್ಯಾ? ನಿನ್ನ ಎತ್ತಿ ಚಿಮಣಿಗೇ ತುರುಕ್ತಾಳೆ."

ಲ್ಯಾಡಿ ಕೆಂಪು ಚೀಟಿ ಕಟ್ಟಿ, ಎಂದಿನ ಹಾಗೆ ಮನೆಯೊಡತಿಯ ಮುಖ ನೋಡುತ್ತಾ ನಿಂತ.

"ಹೊಸ ಉಕ್ಕಿನ ಕೊಳವೆ ಇಳಿಸೋವರೆಗೆ ಇದ್ರಲ್ಲಿ ಒಂದು ಕಡ್ಡೀನೂ ಗೀರೋ ಹಾಗಿಲ್ಲ ಮೇಡಂ."

"ನೀವು ಹೇಳಿದ ಮೇಲೆ ಮುಗೀತು, ಮಿಸ್ಟರ್ ಸೆಡ್ಲಾಕ್," ಎಂದಳು ಅವಳು. "ನಾನು ನಮ್ಮಪ್ಪನ ಹಾಗಲ್ಲ. ನನ್ನ ಗುರ್ತು ಸಿಗ್ಲಿಲ್ಲ ಅಲ್ವಾ? ನಾನು ನೋರೀನ್. ಮದುವೆಗೆ ಮುಂಚೆ ನೋರೀನ್ ಕೀಗನ್."

ಲ್ಯಾಡಿ ಅಗ್ಗಿಷ್ಟಿಕೆಯ ಕಟ್ಟೆಯ ಮೇಲೆ ಕೂತ.

"ಗಾಬರಿ ಆಗ್ಬೇಡಿ. ಮನೆ ತಗೊಂಡ ತಕ್ಷಣ ನಿಮ್ಮನ್ನೇ ಕರೀಬೇಕು ಅಂದ್ಕೊಂಡಿದ್ದೆ. ಅವತ್ತು ನಮ್ಮನ್ನ ಎಚ್ಚರಿಸಿದ್ದು ನೀವೊಬ್ರೇ. ಬೆಂಕಿಗೆ ನುಗ್ಗಿದ್ದೂ ನೀವೇ. ಅಮ್ಮ ಏಪ್ರಿಲ್‌ನಲ್ಲಿ ತೀರ್ಕೊಂಡ್ರು. ಓವನ್ ಪಕ್ಕದಲ್ಲೇ ಇಟ್ವಿ." ಅವಳ ಬಾಯಿ ಬಿಗಿಯಿತು. "ಅಪ್ಪ ಅನ್ನಿಸ್ಕೊಂಡವನು ಆ ಮೂಲೇಲೇ ಬಿದ್ದಿರ್ಲಿ. ನಾನು ಒಂದು ದಿನಾನೂ ಹೋಗಿಲ್ಲ. ಒಂದ್ಸಲ ಹೋಗಿ ಕಲ್ಲಿನ ಮೇಲೆ ಉಗೀಬೇಕು ಅನ್ಸಿತ್ತು, ಅದಕ್ಕೂ ಮನಸ್ಸಾಗ್ಲಿಲ್ಲ."

ಒಳಗೆ ಹೋಗಿ ಟವೆಲಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತಂದು ಅವನ ತೊಡೆಯ ಮೇಲಿಟ್ಟಳು. ಭಾರವಾಗಿತ್ತು. ಬಿಚ್ಚುವ ಮೊದಲೇ ಲ್ಯಾಡಿಗೆ ಅದು ಏನೆಂದು ತಿಳಿಯಿತು.

"ಅಮ್ಮನ ಟ್ರಂಕಲ್ಲಿತ್ತು. ಸುಟ್ಟ ಮನೇಲಿ ಇಡಿಯಾಗಿ ಸಿಕ್ಕಿದ್ದು ಇದೊಂದೇ ಅಂತೆ. ನೋಡಿ, ನಿಮ್ಮ ಹೆಸರು."

ತುಕ್ಕಿನ ನಡುವೆ, ಎಡಗೈಯ ವಕ್ರ ಬರಹ. ಅಕ್ಷರ ಎರಡು, ವರ್ಷ, ಕೆಳಗೆ ಗೀಟು. ಗೀಟು ಮಾತ್ರ ನೆಟ್ಟಗಿತ್ತು.

"ಈ ಗೀಟು ಏನು?" ಎಂದು ಕೇಳಿದಳು ನೋರೀನ್.

"ಅದು... ಸುಮ್ನೆ. ಎಲ್ರೂ ಎಳೀತಾರೆ."

"ಇದನ್ನ ಇಲ್ಲೇ ಮೇಲೆ ಗೋಡೆಗೆ ಹಾಕಿಸ್ತೀನಿ. ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ತೋರ್ಸಿ ಹೇಳ್ತೀನಿ: ನೋಡು, ಒಬ್ಬ ಒಳ್ಳೆ ಮನುಷ್ಯ ಬೇಡ ಅಂದಿದ್ದ, ನಿಮ್ಮ ತಾತ ಅನ್ನೋ ನಾಯಿ ಕೇಳ್ಲಿಲ್ಲ. ಅವಳಿಗೂ ಗೊತ್ತಿರ್ಲಿ."

ಲ್ಯಾಡಿ ಬಾಗಿಲಿನ ಮೇಲೆ ಕೈಯಾಡಿಸಿದ. ಸುಮ್ಮನೆ ಎದ್ದು ಹೋಗಬಹುದಿತ್ತು. ಈ ಗೀಟು ಓದಬಲ್ಲ ಹಳಬರೆಲ್ಲ ಸತ್ತುಹೋಗಿದ್ದರು. ಈಗಿನವರು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಳ್ಳುತ್ತಾರೆ. ಭೂಮಿಯ ಮೇಲೆ ಅವನೊಬ್ಬನೇ ಸಾಕ್ಷಿ. ಆದರೆ ಹನ್ನೊಂದು ವರ್ಷದ ಒಂದು ಹುಡುಗಿ ಈ ಕಬ್ಬಿಣವನ್ನು ನೋಡುತ್ತಾ ತಾತನನ್ನು ದ್ವೇಷಿಸಲು ಕಲಿಯಲಿದ್ದಳು.

"ಬೇಡ ಅನ್ನೋದಾಗಿದ್ರೆ ಕತ್ತರಿ ಹಾಕ್ತಿದ್ದೆ," ಎಂದ.

"ಏನು?"

"ಗೀಟು ಅಂದ್ರೆ ಹಚ್ಬಹುದು ಅಂತ. ಸರಿ ಇದೆ ಅಂತ. ಕೆಂಪು ಚೀಟಿ ಇರ್ಲೇ ಇಲ್ಲ. ನಾನು ಕಟ್ಟೇ ಇಲ್ಲ. ಕೈ ಮುರ್ಕೊಂಡಿದ್ದೆ, ಕೆರೆದು ನೋಡ್ದೇ ಗೀಟು ಎಳ್ದೆ. ಆಮೇಲೆ ಸುಳ್ಳು ಹೇಳ್ದೆ."

ನೋರೀನ್ ಅರ್ಥವಾಗದವಳಂತೆ ಅವನನ್ನೂ ಬಾಗಿಲನ್ನೂ ನೋಡಿದಳು. ಅಗ್ಗಿಷ್ಟಿಕೆಯ ಪಕ್ಕದಲ್ಲಿ ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ನಿಂತಿತ್ತು. ಅವಳು ಅದನ್ನು ತೆಗೆದುಕೊಂಡದ್ದು ಲ್ಯಾಡಿಗೆ ಕಾಣಿಸಿತು. ಎತ್ತಿದ್ದೂ ಕಾಣಿಸಿತು. ಮೊದಲ ಏಟು ಭುಜದ ಮೂಳೆಗೆ ಬಿತ್ತು, ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿತು. ಎರಡನೆಯದು ಬಾಯಿಗೆ. ಕಟ್ಟಿಸಿದ ಹಲ್ಲು ಎರಡೂ ಹೋದವು. ಮೂರನೆಯದಕ್ಕೆ ಅವನು ಕಟ್ಟೆಯಿಂದ ನೆಲಕ್ಕೆ ಉರುಳಿದ. ಅವಳು ಕಿರುಚುತ್ತಿದ್ದಳು, ಮಾತಿಲ್ಲ, ಬರೀ ಕಿರುಚು. ನಾಲ್ಕನೆಯದು ಪಕ್ಕೆಗೆ, ಐದನೆಯದು ಅದೇ ಪಕ್ಕೆಗೆ. ಜೀವಮಾನದಲ್ಲಿ ಒಂದೇಟು ತಿಂದರೆ ಎರಡು ಕೊಟ್ಟವನು ಈ ಸಲ ಕೈ ಎತ್ತಲಿಲ್ಲ. ಮುಖ ಮುಚ್ಚಿಕೊಳ್ಳಲಿಲ್ಲ ಕೂಡ.

ಇರ್ಮಾ ಓಡಿ ಬಂದು ನೋರೀನಳನ್ನು ಹಿಂದಿನಿಂದ ತಬ್ಬಿ ಹಿಡಿದಳು. ಇಬ್ಬರೂ ಗೋಡೆಗೆ ಬಡಿದರು. ಸಲಾಕೆ ಕೆಳಗೆ ಬಿತ್ತು.

"ಬಿಡೇ ರಾಕ್ಷಸಿ! ಮುದುಕನ್ನ ಕೊಲ್ತೀಯಾ? ಲ್ಯಾಡಿ, ಏನಾಯ್ತೋ? ಸುತ್ತಿಗೆ ತೆಗೆದ್ಯಾ?"

"ಜಾರಿ ಬಿದ್ದೆ," ಎಂದ ಲ್ಯಾಡಿ, ರಕ್ತ ಉಗುಳುತ್ತಾ.

"ಬಿದ್ದಿಲ್ಲ, ನಾನು ಹೊಡೆದೆ," ಎಂದಳು ನೋರೀನ್. "ಯಾಕೆ ಅಂತ ಅವ್ರನ್ನೇ ಕೇಳಿ."

ಇರ್ಮಾ ಗಂಡನ ತಲೆಯನ್ನು ತೊಡೆಯ ಮೇಲೆತ್ತಿಕೊಂಡು ಫೋನಿನಲ್ಲಿ ಆಂಬುಲೆನ್ಸ್ ಕರೆದಳು. ಲ್ಯಾಡಿ ಅವಳಿಗೂ ಹೇಳಿದ. ಹೇಳಲು ಹೆಚ್ಚು ಮಾತು ಬೇಕಾಗಲಿಲ್ಲ. ಅವಳ ಅಣ್ಣ ರೂಡಿಯ ಹೆಸರೂ ಬಂತು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಗಂಡನ ರಕ್ತ ಒರೆಸುತ್ತಿದ್ದ ಕೈಯನ್ನು ನಿಲ್ಲಿಸಿ, ಅವನ ತಲೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು, ದೂರ ಸರಿದು ಕೂತಳು.

ನೋರೀನ್ ಮಂಡಿಯೂರಿ ಅವನ ಮುಖದ ಹತ್ತಿರ ಬಂದಳು. ಅವಳ ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ.

"ಅಪ್ಪ ಏನೂ ಕೇಳ್ಲಿಲ್ವಾ? ನೀವು ಸರಿ ಅಂದ್ರಿ, ಅವರು ಹಾಗೇ ಹಚ್ಬಿಟ್ರಾ?"

"ಕೇಳಿದ್ರು."

"ಏನು ಕೇಳಿದ್ರು?"

"ಮೂರು ಸಲ ಕೇಳಿದ್ರು. ಕೆಲಸ ಮುಗಿದ ತಕ್ಷಣ, ಹಚ್ಬಹುದಾ ಅಂತ. ಆಮೇಲೆ ನೆಲಮಾಳಿಗೆಗೆ ಇಳಿದು ಬಂದು ಮತ್ತೆ ಕೇಳಿದ್ರು. ಮೂರನೇ ಸಲ ವ್ಯಾನ್ ಹತ್ರ. ನಂಗೆ ಕೈ ನೋಯ್ತಿತ್ತು, ಸಿಟ್ಟು ಬಂತು. ಎಷ್ಟು ಸಲ ರೀ ಹೇಳೋದು, ಹಚ್ಚಿ ಅಂದೆ."

"ಮೂರನೇ ಸಲ ಏನಂದ್ರು? ಅವರು ಹೇಳಿದ ಹಾಗೇ ಹೇಳಿ."

ಮೂವತ್ತೇಳು ವರ್ಷದಲ್ಲಿ ಅದರ ಒಂದು ಪದವೂ ಲ್ಯಾಡಿಗೆ ಮರೆತಿರಲಿಲ್ಲ. ಒಡೆದ ಬಾಯಿಂದ ನಿಧಾನವಾಗಿ ಹೇಳಿದ.

"'ಬೇಜಾರು ಮಾಡ್ಕೋಬೇಡಿ. ನನ್ನ ಮಗ ಆ ಗೋಡೆಗೆ ತಲೆ ಆನಿಸ್ಕೊಂಡು ಮಲಗ್ತಾನೆ. ಇನ್ನೊಂದ್ಸಲ ನೋಡ್ತೀರಾ?'"

ನೋರೀನ್ ನೆಲದ ಮೇಲಿದ್ದ ಬೂದಿ ಬಾಗಿಲನ್ನು ಎತ್ತಿ ಎದೆಗೆ ಅವುಚಿಕೊಂಡಳು. ಬೀದಿಯ ಕೊನೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು.

"ಇನ್ನೊಂದ್ಸಲ ಹೇಳಿ," ಎಂದಳು.

ಅವನು ಹೇಳಿದ.

"ಇನ್ನೊಂದ್ಸಲ."